ಕೆಂಪು ಕುರ್ಚಿಯ ಕೋಣೆ

ಕಪಿಲೆಯ ದಡದಲ್ಲಿ ಚೆಲುವಯ್ಯ ಎಂಬ ಚಿತ್ರದ ಗುರುಗಳಿದ್ದರು. ಅವರ ಶಿಷ್ಯ ತಿರುಮಲ ಮಹಾ ಹಟಮಾರಿ, ಆದರೆ ಕೈ ಮಾತ್ರ ಚಿನ್ನ.

ಒಂದು ದಿನ ಗುರುಗಳು ಅವನ ಮುಂದೆ ಹಳೆಯ ನೀರುಬಣ್ಣದ ಚಿತ್ರವೊಂದನ್ನು ಇಟ್ಟರು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಯಾರೋ ದೊರೆಸಾನಿ ಬರೆದದ್ದು. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿದ್ದ ಅವಳ ತೌರಿನ ಪುರಾತನ ಬಂಗಲೆ, ಅದರ ನಡುಮನೆ. ಎದುರಿಗೆ ಕಿಟಕಿ, ಬಲಗಡೆ ಮುಚ್ಚಿದ ಬಾಗಿಲು, ನಡುವೆ ಕೆಂಪು ಕುರ್ಚಿ. ಒಂದು ನರಪಿಳ್ಳೆಯೂ ಇಲ್ಲ.

“ಇದ್ದ ಹಾಗೇ ನಕಲು ಮಾಡು. ಆ ಕುರ್ಚೀಲಿ ಮಾತ್ರ ಯಾರನ್ನೂ ಕೂರಿಸಬೇಡ.”

“ಯಾಕೆ ಬುದ್ಧಿ?”

“ಕೂರಿಸೋದು ಸುಲಭ ಕಣೋ,” ಎಂದು ಅವರು ಹೊಳೆಗೆ ಹೊರಟರು.

ಬೇಡ ಅಂದದ್ದನ್ನೇ ಮಾಡಿದ, ಪುಣ್ಯಾತ್ಮ! ಅವನ ಸಂಕಟ ಅವನಿಗೆ. ತಾಯಿಯಿಲ್ಲದ ಅವನನ್ನು ಸಾಕಿದ ಅಕ್ಕ ಆಚೆ ದಡದ ಊರಿನಲ್ಲಿ ತೀರಿಕೊಂಡಾಗ ಹೊಳೆ ತುಂಬಿ ಹರಿಯುತ್ತಿತ್ತು. ಕೊನೆಯ ಸಲ ಮುಖ ನೋಡಲಾಗಲಿಲ್ಲ. ಈಗೀಗ ಆ ಮುಖ ನೆನಪಿಗೂ ಬರುತ್ತಿರಲಿಲ್ಲ. ಅದಕ್ಕೇ ತನ್ನ ನಕಲಿನ ಕುರ್ಚಿಯಲ್ಲಿ ಅಕ್ಕನನ್ನು ಕಿಟಕಿಯತ್ತ ನೋಡುವ ಹಾಗೆ, ತನಗೆ ಬೆನ್ನು ಮಾಡಿ ಕೂರಿಸಿದ.

ಬೆಳಿಗ್ಗೆ ನೋಡಿದರೆ ಅಕ್ಕನ ಬಿಳಿಕಲ್ಲಿನ ಓಲೆ ಕಾಣುತ್ತಿತ್ತು. ಅವನು ಓಲೆ ಬರೆದೇ ಇರಲಿಲ್ಲ.

ಆದರೂ ಯಾರಿಗೂ ಹೇಳಲಿಲ್ಲ.

ಇನ್ನೊಂದು ಬೆಳಗಾಯಿತು. ಬಲಗೆನ್ನೆ ಕಂಡಿತು. ತಿರುಮಲ ಊಟ ಬಿಟ್ಟು ಚಿತ್ರದ ಮುಂದೆಯೇ ಕೂತ. ಹೊರಗೆ ಸುಡುಬಿಸಿಲು. ಅವನ ಬೆರಳುಗಳು ಮಾತ್ರ ಚಳಿಗೆ ಮರಗಟ್ಟಿದ್ದವು.

“ಅಕ್ಕಾ, ಇನ್ನೊಂಚೂರು ತಿರುಗೇ,” ಎಂದು ಬೇಡಿಕೊಂಡ.

ಬೆನ್ನ ಹಿಂದೆ ಗುರುಗಳು ನಿಂತಿದ್ದರು. ಬೈಯಲಿಲ್ಲ. ಕುಂಚವನ್ನು ಬರೀ ನೀರಲ್ಲಿ ಅದ್ದಿ ಮುಚ್ಚಿದ ಬಾಗಿಲಿನ ಅಂಚಿಗೆ ಎಳೆದು, ಬಟ್ಟೆಯಿಂದ ಒತ್ತಿ ತೆಗೆದರು. ಕಂದು ಬಣ್ಣ ಬಿಟ್ಟುಕೊಂಡಿತು. ಕೆಳಗಿನ ಬಿಳಿ ಕಾಗದ, ಬಾಗಿಲು ಓರೆ ಮಾಡಿದಷ್ಟು ಬೆಳಕಾಗಿ ಕಂಡಿತು.

ತಿರುಮಲ ಕಣ್ಣು ಮಿಟುಕಿಸಿದ. ಕುರ್ಚಿ ಖಾಲಿ. ಯಾರೋ ಈಗಷ್ಟೇ ಎದ್ದು ಹೋದ ಹಾಗೆ ಕೆಂಪು ಮೆತ್ತೆ ಕುಗ್ಗಿತ್ತು.

“ಏನು ಮಾಡಿಬಿಟ್ರಿ ಬುದ್ಧಿ! ನಾಳೆ ಹೊತ್ತಿಗೆ ನನ್ನ ಕಡೆ ತಿರುಗೋಳು. ಮುಖ ನೋಡ್ತಿದ್ದೆ!” ಗೋಳೋ ಎಂದು ಅತ್ತ.

ಗುರುಗಳು ಅವನ ತಲೆ ಸವರಿದರು.

“ಅವಳು ತಿರುಗ್ತಾ ಇದ್ದದ್ದು ನಿನ್ನ ಕಡೆಗಲ್ಲ ಮಗಾ. ಬಾಗಿಲ ಕಡೆಗೆ.”