ಫ್ಲೆಕ್ಸಿನ ಮೂಲೆಯ ನಾಯಿ

ವಾರ್ಡಿನ ಮುಖಂಡ ಗುರುಶಾಂತಪ್ಪನವರ ನಾಯಿ ಕಳೆದುಹೋಯಿತು. ಹುಡುಕಿಕೊಡಿ ಎಂದು ಅವರು ಸರ್ಕಲ್ಲಿನಲ್ಲಿ ದೊಡ್ಡ ಫ್ಲೆಕ್ಸ್ ಕಟ್ಟಿಸಿದರು. ನಡುವೆ ಕೈಮುಗಿದು ನಿಂತ ಅವರು, ಸುತ್ತ ಹನ್ನೆರಡು ಮಂದಿ ಅಭಿಮಾನಿಗಳು, ಮೂಲೆಯಲ್ಲಿ ಅಂಗಿಯ ಗುಂಡಿಯಷ್ಟು ನಾಯಿ. ಫೋನ್ ನಂಬರಿಗೆ ಜಾಗ ಉಳಿಯಲಿಲ್ಲ.

ಮೂರನೆಯ ದಿನ ಆ ನಾಯಿಯೇ ಅಲೆದು ಸುಸ್ತಾಗಿ ಬಂದು ಫ್ಲೆಕ್ಸಿನ ನೆರಳಲ್ಲಿ ಮಲಗಿತು.

"ಏಳು. ಇದು ಗಣ್ಯರ ಜಾಗ," ಎಂದಿತು ಫ್ಲೆಕ್ಸ್.

"ಸ್ವಾಮಿ, ತಾವು ಹುಡುಕುತ್ತಿರುವ ನಾಯಿ ನಾನೇ."

"ನಾಯಿಯೇ? ನನ್ನಲ್ಲಿ ನಾಯಿಯೂ ಇದೆಯೇ?"

ಅಷ್ಟರಲ್ಲಿ ಹನ್ನೆರಡು ಅಭಿಮಾನಿಗಳಲ್ಲಿ ಒಬ್ಬ ಬಂದ. ಫ್ಲೆಕ್ಸಿನಲ್ಲಿದ್ದ ತನ್ನ ಮುಖವನ್ನು ಕಣ್ತುಂಬ ನೋಡಿದ. ಅದರ ಕೆಳಗೆ ನಿಂತು ಸೆಲ್ಫಿಗೆ ಫೋನ್ ಎತ್ತಿದ. ಅಡ್ಡ ಬಂದ ನಾಯಿಯನ್ನು ಕಲ್ಲು ಹೊಡೆದು ಓಡಿಸಿದ.