ಕಂಬ ಹತ್ತಿದ ಎಂ.ಎ.

ಸಣ್ಣ ವಿಶ್ವವಿದ್ಯಾಲಯವೊಂದರ ಹಳೆ ವಿದ್ಯಾರ್ಥಿಗಳ ಸಮಾರಂಭ. ಸಾಧಕರ ಹೆಸರುಗಳ ಜೊತೆ ಅಲ್ಲಿನ ಗುಮಾಸ್ತ ತನ್ನ ಸಹಪಾಠಿ ಬಸಲಿಂಗನದನ್ನೂ ಸೇರಿಸಿದ್ದ. ಎಂ.ಎ. ಮುಗಿಸಿ ಲೈನ್‌ಮನ್ ಆದವನು; ಹೋದ ತಿಂಗಳು ಹಾಸ್ಟೆಲಿನ ಕರೆಂಟು ಸರಿಮಾಡಲು ಹೋಗಿ ಕಂಬದ ಮೇಲೇ ಜೀವ ಬಿಟ್ಟವನು. ಬದುಕಿದ್ದಷ್ಟು ದಿನ, ಕರೆಂಟು ಕೊಟ್ಟಾಗಲೆಲ್ಲ ಕಂಬದಿಂದಲೇ “ಬಂತೇನೋ?” ಎಂದು ಕೂಗುತ್ತಿದ್ದ. ಗುಮಾಸ್ತ ಕಚೇರಿಯ ಕಿಟಕಿಯಿಂದ “ಬಂತು ಕಣೋ!” ಎನ್ನುತ್ತಿದ್ದ.

“ಕಂಬ ಹತ್ತೋದೂ ಒಂದು ಸಾಧನೆಯೇನ್ರೀ? ತೆಗೀರಿ ಆ ಹೆಸರು,” ಎಂದರು ಕುಲಪತಿಗಳು.

“ಆಗಲಿ ಸಾರ್.”

ಸಂಜೆ ಕುಲಪತಿಗಳು ಭಾಷಣಕ್ಕೆ ನಿಂತರು. ಗುಮಾಸ್ತ ಮೇನ್ ಸ್ವಿಚ್ ಇಳಿಸಿದ. ಸಭಾಂಗಣವೆಲ್ಲ ಕತ್ತಲು.

“ಯಾರ್ರೀ ಅಲ್ಲಿ? ಲೈನ್‌ಮನ್‌ನ ಕರೀರಿ!”

“ಅವನ ಹೆಸರು ತೆಗೆಸಿದ್ದು ನೀವು ಸಾರ್. ನೀವೇ ಕರೀಬೇಕು.”

ಕುಲಪತಿಗಳು ಕತ್ತಲಲ್ಲೇ ಭಾಷಣದ ಹಾಳೆ ಮಡಚಿದರು. ಆಮೇಲೆ ಮೆಲ್ಲಗೆ, “ಬಸಲಿಂಗಪ್ಪ, ಎಂ.ಎ.,” ಎಂದರು.

ಗುಮಾಸ್ತ ಸ್ವಿಚ್ ಎತ್ತಿದ. ದೀಪ ಹತ್ತಿತು. ಯಾರೂ ಕೇಳದಿದ್ದರೂ ಕಿಟಕಿಯತ್ತ ತಿರುಗಿ, “ಬಂತು ಕಣೋ,” ಎಂದ.