ಆರನೆಯ ಅಂತಸ್ತಿನ ನಕ್ಷೆ

"ಗುರುಗಳೇ, ಯಾರೂ ಓದದ್ದನ್ನು ಯಾಕೆ ಬರೆಯಬೇಕು?"

ಕೇಳಿದವನು ಚನ್ನಮಲ್ಲ. ಮಠದ ತಾಳೆಗರಿಗಳನ್ನು ಕಾಗದಕ್ಕೆ ಇಳಿಸುವ ಕೆಲಸವನ್ನು ಗುರುಗಳು ಅವನಿಗೆ ಒಪ್ಪಿಸಿ ಮೂರು ವರ್ಷವಾಗಿತ್ತು. ಅವನು ಬರೆದು ಇಟ್ಟ ಕಟ್ಟುಗಳನ್ನು ಈ ಮೂರು ವರ್ಷದಲ್ಲಿ ಒಬ್ಬರೂ ಬಿಚ್ಚಿರಲಿಲ್ಲ.

ಗುರುಗಳು ಅವನಿಗೆ ಕೂರಲು ಹೇಳಿದರು. "ಒಂದು ಕತೆ ಹೇಳುತ್ತೇನೆ. ಹಳೆಯ ಕಾಲದ್ದಲ್ಲ. ಇದರಲ್ಲಿ ರಾಜನಿಲ್ಲ, ಋಷಿಯೂ ಇಲ್ಲ" ಎಂದು ಶುರುಮಾಡಿದರು.

ಒಬ್ಬ ಸರ್ವೇಯರ್ ಇದ್ದ. ಹೊಲ ಅಳೆಯುವುದು, ಗಡಿಕಲ್ಲು ನೆಡಿಸುವುದು, ನಕ್ಷೆ ಬರೆಯುವುದು ಅವನ ಕೆಲಸ. ಕೋಲಾರದ ಕಡೆಯವನು. ಅವನಿಗೆ ಸುರಪುರಕ್ಕೆ ವರ್ಗವಾಯಿತು. ಮದುವೆಯಾಗಿರಲಿಲ್ಲ, ತಂದೆತಾಯಿ ಇರಲಿಲ್ಲ. ಸುರಪುರದಲ್ಲಿ ಗುರುತಿನವರು ಯಾರೂ ಇರಲಿಲ್ಲ. ಅವನ ಮಾತಿನ ಧಾಟಿಯೇ ಅಲ್ಲಿಯವರಿಗೆ ಬೇರೆಯಾಗಿ ಕೇಳುತ್ತಿತ್ತು. ಹೊಲಕ್ಕೆ ಹೋದರೆ ಎರಡೂ ಕಡೆಯವರು ಮಾತು ನಿಲ್ಲಿಸುತ್ತಿದ್ದರು. ಗಡಿ ಅಳೆಯುವವನ ಜೊತೆ ಒಬ್ಬರು ಸಲಿಗೆಯಿಂದ ಇದ್ದರೆ ಇನ್ನೊಬ್ಬರಿಗೆ ಅನುಮಾನ. ಹೀಗಾಗಿ ಅವನಿಗೆ ಯಾರೂ ಚಹಾ ಕೂಡ ಕೊಡುತ್ತಿರಲಿಲ್ಲ. ಸಂಜೆ ಆರಕ್ಕೆ ಬಾಡಿಗೆ ಕೋಣೆಯ ಬೀಗ ತೆಗೆದು ಒಳಗೆ ಹೋದನೆಂದರೆ ಮರುದಿನ ಕಚೇರಿ ಶುರುವಾಗುವವರೆಗೆ ಅವನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ.

ಒಂದು ಭಾನುವಾರ ಆತ ಟೇಬಲ್ ಫ್ಯಾನ್ ಕೊಳ್ಳಲೆಂದು ಬಸ್ ನಿಲ್ದಾಣದ ಹತ್ತಿರದ ಹಳೇ ಸಾಮಾನಿನ ಅಂಗಡಿಗೆ ಹೋದ. ಅಲ್ಲಿ ಟಿವಿಗೆ ಜೋಡಿಸಿ ಆಡುವ ಒಂದು ಹಳೆಯ ವಿಡಿಯೊ ಗೇಮ್ ಯಂತ್ರವಿತ್ತು. ಜೊತೆಗೆ ಒಂದೇ ಒಂದು ಕ್ಯಾಸೆಟ್. ಯಂತ್ರಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಒಂದು ಗ್ರಾಫ್ ಪುಸ್ತಕವನ್ನು ಸೇರಿಸಿ ಕಟ್ಟಿದ್ದರು. ಆತ ಪುಸ್ತಕ ತೆರೆದ. ನಕ್ಷೆಗಳು. ಪೆನ್ಸಿಲಿನಲ್ಲಿ ಬರೆದವು, ಗೆರೆ ನೇರ, ಅಳತೆ ಒಪ್ಪ. ನಕ್ಷೆ ಬರೆಯುವವನಿಗೆ ಇನ್ನೊಬ್ಬರ ಒಳ್ಳೆಯ ನಕ್ಷೆ ಕಂಡರೆ ಬಿಟ್ಟುಬರಲಾಗುವುದಿಲ್ಲ. ಫ್ಯಾನ್ ಬಿಟ್ಟು ಯಂತ್ರವನ್ನೂ ಪುಸ್ತಕವನ್ನೂ ತಂದು, ಕೋಣೆಯಲ್ಲಿದ್ದ ಟಿವಿಗೆ ಜೋಡಿಸಿದ.

ನಾಲ್ವರು ಸಂಗಾತಿಗಳನ್ನು ನಾವೇ ಆರಿಸಿ, ಹೆಸರಿಟ್ಟು, ಬೆಳೆಸಿ ನಡೆಸುವ ಆಟ ಅದು. ಒಬ್ಬ ಕತ್ತಿ ಹಿಡಿದವನು, ಒಬ್ಬ ಬೀಗ ತೆಗೆಯುವ ಕಳ್ಳ, ಒಬ್ಬ ಮಂತ್ರವಾದಿ, ಒಬ್ಬಳು ಗಾಯ ಮಾಯಿಸುವವಳು. ಇವರು ನೆಲದ ಕೆಳಗಿನ ಪಾತಾಳಕೋಟೆಗೆ ಇಳಿಯಬೇಕು. ಒಂಬತ್ತು ಅಂತಸ್ತು. ಪ್ರತಿ ಅಂತಸ್ತೂ ಇಪ್ಪತ್ತು ಚೌಕದ ಮನೆ ಉದ್ದ, ಇಪ್ಪತ್ತು ಮನೆ ಅಗಲ. ಎಲ್ಲ ಗೋಡೆಗೂ ಒಂದೇ ಬೂದು ಬಣ್ಣ. ಎಲ್ಲಿದ್ದೇವೆಂದು ಪರದೆ ಹೇಳುವುದಿಲ್ಲ. ಒಳಗೆ ಹೋದ ಮೇಲೆ ಆಟವನ್ನು ನಡುವೆ ಉಳಿಸಿಟ್ಟು ಏಳುವಂತಿಲ್ಲ. ಮೇಲಿನ ಬಾಗಿಲಿಗೆ ಮರಳಿ ಬಂದರೆ ಮಾತ್ರ ಗಳಿಸಿದ್ದು ಉಳಿಯುತ್ತದೆ. ಕೆಳಗೆ ಸತ್ತವರನ್ನು ಹೊತ್ತು ಮೇಲೆ ತಂದರೆ ಅಲ್ಲಿಯ ಗುಡಿಯಲ್ಲಿ ಎಬ್ಬಿಸಬಹುದು. ಒಮ್ಮೊಮ್ಮೆ ಅವರು ಏಳುವುದಿಲ್ಲ. ಆಗ ಪಟ್ಟಿಯಿಂದ ಅವರ ಹೆಸರೇ ಅಳಿಸಿಹೋಗುತ್ತದೆ.

ಸಂಗಾತಿಗಳಿಗೆ ಹೆಸರಿಡಲು ಆತ ಬಹಳ ಹೊತ್ತು ಕುಳಿತ. ಹತ್ತಿರದವರ ಹೆಸರೊಂದೂ ಹೊಳೆಯಲಿಲ್ಲ. ಕೊನೆಗೆ ತನ್ನ ಪ್ರಾಥಮಿಕ ಶಾಲೆಯ ಹಾಜರಿಯಲ್ಲಿ ಮೇಷ್ಟರು ಕೂಗುತ್ತಿದ್ದ ಹೆಸರುಗಳನ್ನು ಇಟ್ಟ. ಗಾಯ ಮಾಯಿಸುವವಳು ತಾಯಮ್ಮ ಆದಳು.

ಪುಸ್ತಕದಲ್ಲಿ ಒಂದೊಂದು ಹಾಳೆಗೆ ಒಂದೊಂದು ಅಂತಸ್ತು. ಅಂಚಿನಲ್ಲಿ ಸಣ್ಣ ಅಕ್ಷರದ ಟಿಪ್ಪಣಿ. ‘ಇಲ್ಲಿ ನೆಲ ತಿರುಗುತ್ತದೆ. ಉತ್ತರ ಎಂದುಕೊಂಡದ್ದು ಉತ್ತರವಲ್ಲ. ನಿಂತು ನೋಡಿ.’ ‘ಈ ಬಾಗಿಲು ತೆರೆಯಬೇಡಿ. ನಾನು ತೆರೆದು ಇಬ್ಬರನ್ನು ಕಳೆದುಕೊಂಡೆ.’ ‘ಇಲ್ಲಿಂದ ದೀಪ ಉರಿಯುವುದಿಲ್ಲ. ಗೋಡೆಯನ್ನು ಬಲಗೈಗೆ ಇಟ್ಟುಕೊಂಡು ಹನ್ನೊಂದು ಹೆಜ್ಜೆ. ಹೆದರಬೇಡಿ.’

ಆ ಕೊನೆಯ ಮಾತನ್ನು ಆತ ಮತ್ತೆ ಓದಿದ. ಸುರಪುರಕ್ಕೆ ಬಂದ ಮೇಲೆ ಅವನಿಗೆ ಯಾರೂ ಹಾಗೆ ಹೇಳಿರಲಿಲ್ಲ.

ಕಸುಬಿನ ಅಭ್ಯಾಸದಿಂದ ಆತ ಮೊದಮೊದಲು ಪ್ರತಿ ಗೋಡೆಯನ್ನೂ ತಾನೇ ಎಣಿಸಿ ನಕ್ಷೆಗೆ ತಾಳೆ ನೋಡುತ್ತಿದ್ದ. ಮೂರು ಅಂತಸ್ತು ಇಳಿಯುವಷ್ಟರಲ್ಲಿ ಎಣಿಸುವುದನ್ನು ಬಿಟ್ಟ. ಬರಬರುತ್ತ ಪುಸ್ತಕದ ಜೊತೆ ಮಾತಾಡತೊಡಗಿದ. "ಎಡಕ್ಕೆ ಅಂದಿರಲ್ಲ, ಆಯಿತು, ಎಡಕ್ಕೇ ಹೋಗೋಣ" ಎನ್ನುತ್ತಿದ್ದ. "ಇದನ್ನು ಹೇಗೆ ಕಂಡುಹಿಡಿದಿರಿ?" ಎಂದು ಕೇಳುತ್ತಿದ್ದ. ಸಂಜೆ ಕಚೇರಿ ಬಿಡುವ ಹೊತ್ತಿಗೆ ಅವನಿಗೆ ಅವಸರವಾಗುತ್ತಿತ್ತು. ಕೋಣೆಯಲ್ಲಿ ಯಾರೋ ಕಾದಿದ್ದಾರೆ ಎಂಬವನ ಹಾಗೆ ನಡೆಯುತ್ತಿದ್ದ.

ಐದು ಅಂತಸ್ತು ಹೀಗೆ ಕಳೆಯಿತು.

ಆರನೆಯ ಹಾಳೆ ಅರ್ಧಕ್ಕೆ ನಿಂತಿತ್ತು. ಒಂದು ಓಣಿಯ ಎರಡು ಗೆರೆಗಳು ಪೂರ್ವಕ್ಕೆ ಹೋಗಿ, ಗೋಡೆಗೂ ತಾಗದೆ ಬಾಗಿಲಿಗೂ ತಾಗದೆ ಕೊನೆಯಾಗಿದ್ದವು. ಅಂಚಿನಲ್ಲಿ ಏನೂ ಬರೆದಿರಲಿಲ್ಲ. ಮುಂದಿನ ಹಾಳೆಗಳೆಲ್ಲ ಖಾಲಿ.

ನಾಲ್ಕು ಸಂಜೆ ಆತ ಆ ಜಾಗದವರೆಗೆ ಇಳಿದು, ನಿಂತು, ಮೇಲಕ್ಕೆ ಮರಳಿ ಬಂದ. ಐದನೆಯ ಸಂಜೆ ಮುಂದೆ ಹೆಜ್ಜೆ ಇಟ್ಟ. ಮೂರನೆಯ ಮನೆಯಲ್ಲಿ ನೆಲ ಕುಸಿಯಿತು. ಹಳ್ಳದಲ್ಲಿ ಕಾದಿದ್ದ ಶತ್ರುಗಳು ಮೇಲೆ ಬಿದ್ದರು. ಕಳ್ಳನೊಬ್ಬನೇ ಉಳಿದ. ಮೂವರ ಹೆಣ ಹೊರಿಸಿ ಅವನನ್ನು ಆರು ಅಂತಸ್ತು ಹತ್ತಿಸಿ ತರಲು ಮೂರು ಗಂಟೆ ಹಿಡಿಯಿತು. ಗುಡಿಯಲ್ಲಿ ಇಬ್ಬರು ಎದ್ದರು. ತಾಯಮ್ಮ ಏಳಲಿಲ್ಲ. ಪಟ್ಟಿಯಲ್ಲಿ ಅವಳ ಹೆಸರಿದ್ದ ಸಾಲು ಖಾಲಿಯಾಯಿತು.

ಮರುದಿನ ಕಚೇರಿಯಲ್ಲಿ ಅವನ ಮುಖ ನೋಡಿ ಜವಾನ ಕೇಳಿದ, "ಯಾಕ್ರಿ ಸಾಹೇಬ್ರ, ಮನ್ಯಾಗ ಯಾರರ ತೀರ್ಕೊಂಡ್ರೇನು?"

"ಇಲ್ಲಪ್ಪ. ತಲೆನೋವು."

ತಾಯಮ್ಮ ಹೋದಳು ಎಂದರೆ ಯಾವ ತಾಯಮ್ಮ ಎಂದು ಕೇಳುತ್ತಾರೆ. ಅಳುವ ಹಾಗೂ ಇರಲಿಲ್ಲ, ನಗುವ ಹಾಗೂ ಇರಲಿಲ್ಲ. ಆ ದಿನ ಅಳೆದ ಹೊಲದ ಲೆಕ್ಕ ಎರಡು ಸಲ ತಪ್ಪಿತು.

ಸಂಜೆ ಆತ ಯಂತ್ರ ಹಚ್ಚಲಿಲ್ಲ. ಪೆನ್ಸಿಲ್ ಚೂಪು ಮಾಡಿಕೊಂಡು ಪುಸ್ತಕ ತೆರೆದ. ಗೆರೆಗಳು ನಿಂತಿದ್ದ ಕಡೆಯಿಂದ ಅವನ್ನು ಮೂರು ಮನೆ ಮುಂದಕ್ಕೆ ಎಳೆದ. ಹಳ್ಳದ ಗುರುತು ಹಾಕಿದ. ಅಂಚಿನಲ್ಲಿ ಬರೆದ: ‘ಇಲ್ಲಿ ನೆಲ ಕುಸಿಯುತ್ತದೆ. ಹಗ್ಗ ಇಲ್ಲದೆ ದಾಟಬೇಡಿ. ನಾನು ತಾಯಮ್ಮನನ್ನು ಕಳೆದುಕೊಂಡೆ.’ ಯಾರಿಗೆ ಬರೆಯುತ್ತಿದ್ದೇನೆ ಎಂದು ಅವನು ಯೋಚಿಸಲಿಲ್ಲ.

ಗಾಯ ಮಾಯಿಸುವವಳು ಇನ್ನೊಬ್ಬಳು ಬೇಕಾಯಿತು. ಆದರೆ ಹಾಜರಿಯ ಮುಂದಿನ ಹೆಸರು ಇಡಲು ಮನಸ್ಸು ಬರಲಿಲ್ಲ. ಹೆಸರಿನ ಜಾಗದಲ್ಲಿ ಒಂದು ಚುಕ್ಕೆ ಇಟ್ಟ. ಅವಳನ್ನು ಬೆಳೆಸಲು ಮೊದಲ ಅಂತಸ್ತಿನಿಂದ ಮತ್ತೆ ಇಳಿದ.

ಮುಂದಿನ ಮೂರೂವರೆ ಅಂತಸ್ತಿಗೆ ಹನ್ನೊಂದು ತಿಂಗಳು ಬೇಕಾಯಿತು. ಏಳನೆಯದರಲ್ಲಿ ಯಾವ ಓಣಿ ಹಿಡಿದರೂ ಹೊರಟಲ್ಲಿಗೇ ಬರುತ್ತಿತ್ತು. ಸರಿಯಾದದ್ದು ಒಂದೇ ಇತ್ತು, ಅದು ಗೋಡೆಯ ಹಾಗೆ ಕಾಣುತ್ತಿತ್ತು. ಎಂಟನೆಯದರಲ್ಲಿ ಶತ್ರುಗಳೇ ಇರಲಿಲ್ಲ. ನಾನೂರು ಮನೆ, ಒಂದು ಸದ್ದಿಲ್ಲ. ಆತ ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಅಲ್ಲಿ. ಅಂಚಿನಲ್ಲಿ ಬಹಳ ಯೋಚಿಸಿ ಬರೆದ: ‘ಇಲ್ಲಿ ಏನೂ ಇಲ್ಲ. ಆದರೂ ನಡೆಯಿರಿ.’

ಒಂಬತ್ತನೆಯದರ ಕೊನೆಯ ಕೋಣೆಯಲ್ಲಿ ಪಾತಾಳದ ದೊರೆ ಕುಳಿತಿದ್ದ. ಎರಡು ಸಲ ಆತ ಸೋತ. ಮೂರನೆಯ ಸಲ ಗೆದ್ದ. ಪರದೆಯ ಮೇಲೆ ನಾಲ್ಕು ಸಾಲು ಬರಹ ಬಂತು. ನೀವು ನಾಡನ್ನು ಉಳಿಸಿದಿರಿ ಎಂದಿತ್ತು. ಬರಹ ಹೋಗಿ, ಮೊದಲಿನ ಬಾಗಿಲು ಮತ್ತೆ ಕಾಣಿಸಿತು.

ಸಂಜೆ ಏಳು ಗಂಟೆ. ಆತ ಬೀದಿಗೆ ಬಂದ. ಯಾರಿಗಾದರೂ ಹೇಳಬೇಕಿತ್ತು. ದಿನಾ ಉಣ್ಣುವ ಖಾನಾವಳಿಗೆ ಹೋಗಿ, ರೊಟ್ಟಿ ಬಡಿಯುತ್ತಿದ್ದ ಹೆಂಗಸಿಗೆ, "ಅಮ್ಮಾ, ಇವತ್ತು ಮುಗೀತು" ಎಂದ.

"ಎಲ್ಲಿ ಮುಗದಾವ್ರಿ? ಇನ್ನೂ ಬುಟ್ಟಿ ತುಂಬ ಅದಾವ, ಕೂಡ್ರಿ."

ಆತ ಕುಳಿತ. ಎರಡು ರೊಟ್ಟಿ ತಿಂದ. ಕೈ ತೊಳೆದು ಬಂದ.

ಆಮೇಲಿನ ದಿನಗಳಲ್ಲಿ ಅವನಿಗೆ ಕೋಣೆ ಮೊದಲಿಗಿಂತ ದೊಡ್ಡದಾಗಿ ಕಾಣತೊಡಗಿತು. ತಾನು ಹೋಗಿ ಬಂದ ಜಾಗವನ್ನು ಬಲ್ಲವರು ಲೋಕದಲ್ಲಿ ಒಬ್ಬರಿದ್ದಾರೆ, ಆ ಒಬ್ಬರಿಗೂ ಅರ್ಧದವರೆಗೆ ಮಾತ್ರ ಗೊತ್ತು ಎಂಬುದೇ ಮನಸ್ಸಿನಲ್ಲಿ ಕುಳಿತಿತು. ಪುಸ್ತಕ ಹಿಡಿದು ಹಳೇ ಸಾಮಾನಿನ ಅಂಗಡಿಗೆ ಹೋದ. ಅಂಗಡಿಯವನು ನೆನಪು ಮಾಡಿಕೊಂಡು ಹೇಳಿದ, "ಹುನಗುಂದದಾಗ ಒಬ್ಬರು ಸಾಲಿ ಅಕ್ಕೋರು ಇದ್ದಾರ್ರಿ, ಶಶಿಕಲಾ ದೋಟಿಹಾಳ ಅಂತ. ಅವರ ಮನಿ ಸಾಮಾನು ಇದು."

ಭಾನುವಾರ ಬಸ್ಸು ಹತ್ತಿದ. ಹುನಗುಂದದಲ್ಲಿ ಅಕ್ಕೋರ ಮನೆ ಯಾರು ಬೇಕಾದರೂ ತೋರಿಸುವಂತಿತ್ತು. ಅರವತ್ತರ ಹತ್ತಿರದ ಹೆಂಗಸು ಬಾಗಿಲು ತೆರೆದರು. ಶಾಲೆಯಿಂದ ನಿವೃತ್ತರಾಗಿ ಎರಡು ವರ್ಷವಾಗಿತ್ತು. ಆತ ಪುಸ್ತಕ ಮುಂದೆ ಹಿಡಿದ. ಅವರು ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು.

"ಇದು ಇನ್ನೂ ಐತೇನ್ರಿ?"

ಒಳಗೆ ಕುಳಿತ ಮೇಲೆ ಆತ ತಾನು ಯಾರೆಂದು ಹೇಳಿದ. ಆಮೇಲೆ ವರ್ಷದಿಂದ ಕೇಳಬೇಕೆಂದಿದ್ದನ್ನು ಕೇಳಿದ. "ಮೇಡಂ, ಇದನ್ನು ಯಾರಿಗೆ ಅಂತ ಬರೆದಿರಿ? ಆರನೇದರಲ್ಲಿ ಯಾಕೆ ಬಿಟ್ಟಿರಿ?"

ಅವರು ಹೇಳಿದರು, "ಯಾರಿಗೂ ಅಲ್ರಿ. ಅಣ್ಣನ ಮಕ್ಕಳು ಬ್ಯಾಸರಾಗಿ ಬಿಟ್ಟುಹೋದ ಆಟ ಅದು. ಮನ್ಯಾಗ ನಾ ಒಬ್ಬಾಕಿನ. ಆಡಾಕ ಕುಂತಾಗ ನನ್ನ ಹಿಂದ ಯಾರೋ ಬರಾಕತ್ತಾರ ಅನ್ಸೋದು. ಅವರು ದಾರಿ ತಪ್ಪಬಾರದು ಅಂತ ಬರಕೋಂತ ಹೋದೆ. ಒಂದಿನ ಪೆನ್ಸಿಲ್ ಹಿಡದು ಕುಂತಾಗ, ಖರೇನ ಯಾರರ ಬರ್ತಾರೇನು ಅಂತ ನನ್ನ ನಾನ ಕೇಳ್ಕೊಂಡೆ. ಅಷ್ಟ. ಗೆರಿ ಮುಂದ ಹೋಗಲಿಲ್ಲ. ಹದಿನಾಕು ವರ್ಷ ಆತ್ರಿ."

"ನಾನು ಬರ್ತಾ ಇದ್ದೆ ಮೇಡಂ. ತಡವಾಯಿತು" ಎಂದ ಸರ್ವೇಯರ್.

ಅವರು ಕನ್ನಡಕ ಹಾಕಿಕೊಂಡು ಆರನೆಯ ಹಾಳೆ ತೆರೆದರು. ತಮ್ಮ ಗೆರೆ ಎಲ್ಲಿ ಮುಗಿದು ಅವನ ಗೆರೆ ಎಲ್ಲಿ ಶುರುವಾಯಿತು ಎಂದು ನೋಡಿದರು. ಅಲ್ಲಿ ಬೆರಳಿಟ್ಟು ಓಣಿಯಿಂದ ಓಣಿಗೆ ನಡೆಸುತ್ತ ಹೋದರು. ಎಂಟನೆಯ ಹಾಳೆಯಲ್ಲಿ, ಅವನ ಟಿಪ್ಪಣಿಯ ಹತ್ತಿರ, ಬೆರಳು ನಿಂತಿತು.

"ಇಲ್ಲೆ ಅಂಜಿಕಿ ಬಂತೇನ್ರಿ?"

"ಬಂತು."

ಅವರು ತಲೆಯಾಡಿಸಿದರು. ಬೆರಳು ಮುಂದೆ ಹೋಯಿತು. ಒಂಬತ್ತನೆಯದರ ಕೊನೆಯ ಕೋಣೆಗೆ ಬಂದಾಗ ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಎದ್ದು ಹೋಗಿ ಚಹಾ ಮಾಡಿ ತಂದರು.

ಪುಸ್ತಕ ನೀವೇ ಇಟ್ಟುಕೊಳ್ಳಿ ಎಂದು ಆತ ಹೇಳಿದ. "ಬ್ಯಾಡ್ರಿ. ನನ್ನ ಕಪಾಟಿನ್ಯಾಗ ಇಟ್ರ ಇದು ಇಲ್ಲೇ ನಿಂದರತೈತಿ" ಎಂದು ಅವರು ಅದನ್ನು ಅವನ ಕೈಗೇ ಕೊಟ್ಟರು. ಬಾಗಿಲವರೆಗೆ ಬಂದು ನಿಂತರು. ಇಬ್ಬರೂ ಮತ್ತೆ ಭೇಟಿಯಾಗಲಿಲ್ಲ.

ಮರುವರ್ಷ ಅವನಿಗೆ ಬೇರೆ ಊರಿಗೆ ವರ್ಗವಾಯಿತು. ಹೊರಡುವ ದಿನ ಯಂತ್ರ, ಕ್ಯಾಸೆಟ್, ಪುಸ್ತಕ ಮೂರನ್ನೂ ಸೇರಿಸಿ ಕಟ್ಟಿ ಹಳೇ ಸಾಮಾನಿನ ಅಂಗಡಿಗೆ ಒಯ್ದ. "ಯಾಕ್ರಿ, ಕೆಟ್ಟದೇನು?" ಎಂದು ಅಂಗಡಿಯವನು ಕೇಳಿದ.

"ಇಲ್ಲ, ಚೆನ್ನಾಗಿದೆ. ಪುಸ್ತಕ ಮಾತ್ರ ಬೇರೆ ಮಾಡಬೇಡಿ."

ಅಂಗಡಿಯವನು ಅದನ್ನು ಒಂದು ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲಿ ಇಟ್ಟ. ಸರ್ವೇಯರ್ ಒಬ್ಬನೇ ಬಸ್ಸು ಹತ್ತಿ ಹೋದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಚನ್ನಮಲ್ಲ ಕಾದ. ಕತೆ ಮುಂದುವರಿಯಲಿಲ್ಲ.

"ಆಮೇಲೆ ಅದನ್ನು ಯಾರಾದರೂ ಕೊಂಡರೇ, ಗುರುಗಳೇ?"

"ಆ ಅಕ್ಕೋರ ಕೈಯ ಪೆನ್ಸಿಲನ್ನು ನಿಲ್ಲಿಸಿದ್ದು ಇದೇ ಪ್ರಶ್ನೆ" ಎಂದರು ಗುರುಗಳು.

ಚನ್ನಮಲ್ಲ ಎದ್ದು ತನ್ನ ತಾಳೆಗರಿಗಳ ಬಳಿಗೆ ಹೋದ.